ತಂತಿಯ ಪಾಲು

ವಿದ್ಯುಚ್ಛಕ್ತಿಯು ಹುಟ್ಟಿದೆಡೆಯಿಂದ ಬೇಕಾದೆಡೆಗೆ ಸಾಗುವಾಗ ನಡುವಣ ತಂತಿಯು ತನ್ನ ಪಾಲನ್ನು ಉಷ್ಣರೂಪದಲ್ಲಿ ತೆಗೆದುಕೊಂಡೇ ತೀರುತ್ತದೆ. ಆ ಪಾಲು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುವುದೆಂಬುದನ್ನು ಜೇಮ್ಸ್ ಜೌಲನು 1841ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. ಆದರೆ ಎಷ್ಟು ನಷ್ಟವನ್ನು ಸಹಿಸಬೇಕು, ಎಷ್ಟನ್ನು ಹೆಚ್ಚು ತಾಮ್ರ ಕೊಂಡು ತಡೆಯಬೇಕು ಎಂಬ ವಿವೇಚನೆಯನ್ನು ಶಾಸ್ತ್ರದ ಪದವಿಗೇರಿಸಿದವನು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ವಿಲಿಯಂ ಥಾಮ್ಸನ್. ವರ್ಷವೊಂದರಲ್ಲಿ ವ್ಯರ್ಥವಾಗುವ ಶಕ್ತಿಯ ಬೆಲೆಯೂ ತಾಮ್ರಕ್ಕೆ ಹೂಡಿದ ಹಣದ ವಾರ್ಷಿಕ ವೆಚ್ಚವೂ ಸರಿಸಮವಾಗುವಷ್ಟು ದಪ್ಪದ ತಂತಿಯೇ ಮಿತವ್ಯಯದ ತಂತಿಯೆಂದು ಆತನು 1881ರಲ್ಲಿ ಪ್ರತಿಪಾದಿಸಿದನು.

ಮರುವರ್ಷವೇ ಮಾರ್ಸೆಲ್ ಡೆಪ್ರೆಯು ಮೀಸ್ಬಾಕ್‌ನಿಂದ ಮ್ಯೂನಿಕ್ ನಗರಕ್ಕೆ 57 ಕಿಲೋಮೀಟರು ದೂರ ಟೆಲಿಗ್ರಾಫ್ ತಂತಿಯ ಮೇಲೆ ವಿದ್ಯುತ್ತನ್ನು ಕಳುಹಿಸಿದಾಗ ತಲುಪಿದ್ದು ಸುಮಾರು ಕಾಲುಭಾಗ ಮಾತ್ರ. 1891ರಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟಿನವರೆಗೆ, ಅದರ ಮೂರು ಪಟ್ಟು ದೂರದಲ್ಲಿ, ಮುಕ್ಕಾಲು ಭಾಗ ತಲುಪಿತು. ವಿದ್ಯುತ್ತಿನ ಒತ್ತಡ (ವೋಲ್ಟೇಜು) ಏರಿದಂತೆ ಅದೇ ಶಕ್ತಿಗೆ ಬೇಕಾಗುವ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದಂತೆ ನಷ್ಟವು ಅದರ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬ ತತ್ತ್ವದ ವಿಜಯವದು.

ಈ ತತ್ತ್ವವು ನಮ್ಮ ನಾಡಿಗೆ ಕಾಲಿಟ್ಟುದು ಕಾವೇರಿಯ ದಡದಲ್ಲಿ. ದಿವಾನ್ ಶೇಷಾದ್ರಿ ಅಯ್ಯರರ ಪ್ರೋತ್ಸಾಹದಲ್ಲಿ, ಜಾಲಿ ಡಿ ಲಾಟ್ಬಿನಿಯರ್ ಎಂಬ ಸೈನ್ಯದ ಎಂಜಿನಿಯರನ ಯೋಜನೆಯಂತೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರದ ದಾರಿಗೆ ಒತ್ತಡವನ್ನು ಬಹಳ ಮೇಲಕ್ಕೇರಿಸಲೇಬೇಕಿತ್ತು. ಅದನ್ನು ಕೆಳಗಿಳಿಸಿದ್ದರೆ ತಾಮ್ರದ ಬೆಲೆಯೇ ಯೋಜನೆಯನ್ನು ನುಂಗಿಬಿಡುತ್ತಿತ್ತು.

ಸೌರವಿದ್ಯುತ್ತಿನ ಯುಗದಲ್ಲಿ ಈ ವಿವೇಚನೆಯು ಗಣಕಯಂತ್ರದ ತಂತ್ರಾಂಶದೊಳಗೆ ಸೇರಿತು. ಅಮೆರಿಕೆಯ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿ ಪ್ರಯೋಗಾಲಯ ಎಂದು ಹೆಸರಾಗಿದ್ದ ಸಂಸ್ಥೆಯು ರೂಪಿಸಿದ ಪಿವಿವಾಟ್ಸ್ ತಂತಿಯ ನಷ್ಟವನ್ನು ಶೇಕಡಾ 2 ಎಂದು ಇಂದು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಜಿನೀವಾ ವಿಶ್ವವಿದ್ಯಾನಿಲಯದಲ್ಲಿ ಆಂದ್ರೆ ಮೆರ್ಮೂ ಅವರ ಕೈಯಲ್ಲಿ ರೂಪುಗೊಂಡ ಪಿವಿಸಿಸ್ಟ್, ಫಲಕಗಳು ಪೂರ್ಣ ಬಿಸಿಲಿನ ಪ್ರಮಾಣಿತ ಪರೀಕ್ಷಾಸ್ಥಿತಿಯಲ್ಲಿರುವಾಗ ನೇರಪ್ರವಾಹದ ಭಾಗಕ್ಕೆ ಶೇಕಡಾ 1.5 ಎಂದು ಹಿಡಿಯುತ್ತದೆ. ಈ ಅಂಕೆಗಳು ಊಹೆಯ ಆರಂಭವೇ ಹೊರತು ತೀರ್ಪಲ್ಲ.

ಒಂದು ಸಾಲನ್ನು ಸಮೀಪದಿಂದ ನೋಡೋಣ. 800 ವೋಲ್ಟಿನ, 10 ಆಂಪಿಯರಿನ ಫಲಕಮಾಲೆಯೊಂದು ಇನ್ವರ್ಟರಿನಿಂದ 100 ಮೀಟರು ದೂರದಲ್ಲಿದ್ದು, 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲು ಎಳೆಯಲ್ಪಟ್ಟಿದ್ದರೆ, ಹೋಗಿಬರುವ 200 ಮೀಟರಿಗೆ ರೋಧವು ಸುಮಾರು 1 ಓಮ್. ನಷ್ಟವು 100 ವಾಟ್, ಅಂದರೆ 8,000 ವಾಟಿನಲ್ಲಿ ಶೇಕಡಾ 1.25. ಮೋಡ ಕವಿದು ಪ್ರವಾಹ 5 ಆಂಪಿಯರಿಗಿಳಿದರೆ ನಷ್ಟವು 25 ವಾಟ್, ಶೇಕಡಾ 0.6 ಮಾತ್ರ. ಆದುದರಿಂದಲೇ ವರ್ಷವಿಡೀ ಲೆಕ್ಕ ಹಾಕಿದಾಗ ನಿಜವಾದ ನಷ್ಟವು ಪೂರ್ಣಸ್ಥಿತಿಯ ಅಂಕೆಗಿಂತ ಕಡಿಮೆಯಾಗಿರುತ್ತದೆ. ಇದನ್ನರಿಯದೆ ಪೂರ್ಣಸ್ಥಿತಿಯ ಶೇಕಡಾವನ್ನು ವರ್ಷದ ಸರಾಸರಿಯೆಂದು ಓದುವವನು ತನ್ನ ಸ್ಥಾವರವನ್ನು ತಾನೇ ಹಳಿದುಕೊಳ್ಳುತ್ತಾನೆ, ವಾರ್ಷಿಕ ಸರಾಸರಿಯನ್ನು ಪೂರ್ಣಸ್ಥಿತಿಯ ಅಂಕೆಯೆಂದು ತುಂಬುವವನು ನಿಜಕ್ಕಿಂತ ಹೆಚ್ಚಿನ ಉತ್ಪಾದನೆಯ ಆಸೆ ತೋರಿಸುತ್ತಾನೆ. ಬಿಸಿಲಿಗೆ ಕಾದ ತಾಮ್ರದ ರೋಧವು ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುವುದನ್ನೂ ಮರೆಯಲಾಗದು.

ಶಿವನಸಮುದ್ರದ ತಂತಿ ಮುಟ್ಟಿದ ಅದೇ ಕೋಲಾರ ಜಿಲ್ಲೆಯ ಯಲೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವಾಟಿನ ಸೌರಸ್ಥಾವರ ತಲೆಯೆತ್ತಿತು. ಪಾವಗಡದಲ್ಲಿ 2,050 ಮೆಗಾವಾಟಿನ ಉದ್ಯಾನವೇ ಹರಡಿತು. ದೂರವು ಮೈಲಿಗಳಿಂದ ಮೀಟರುಗಳಿಗಿಳಿದಿದ್ದರೂ ಕೆಲ್ವಿನ್ನನ ಪ್ರಶ್ನೆ ಹಾಗೆಯೇ ಉಳಿದಿದೆ. ಆ ಕಾರಣ ಸಿದ್ಧವಾದ ಅಂಕೆಯನ್ನು ಒಪ್ಪಿ ಮುಂದೆ ಸರಿಯುವ ಮೊದಲು, ನಕ್ಷೆಯ ಮೇಲೆ ಕೇಬಲಿನ ಉದ್ದವನ್ನೂ ದಪ್ಪವನ್ನೂ ಅಳೆದು, ತನ್ನ ನೆಲದ ತಾಪಕ್ಕೆ ತಕ್ಕ ರೋಧವನ್ನು ತುಂಬುವುದು ಎಂಜಿನಿಯರನ ಕರ್ತವ್ಯ; ಏಕೆಂದರೆ ಸ್ಥಾವರಕ್ಕೆ ತಂದ ಸಾಲದ ಲೆಕ್ಕವೂ ಅದರ ಯಶಸ್ಸೂ ಆ ಒಂದು ಶೇಕಡಾವನ್ನೂ ಅವಲಂಬಿಸಿವೆ.