ಯಂತ್ರ ನಂಬಿರುವ ಸ್ಥಾನ, ಯಂತ್ರ ನಿಂತಿರುವ ಸ್ಥಾನ: ಸಿಎನ್‌ಸಿ ಅಕ್ಷಗಳ ಓವರ್‌ಟ್ರಾವೆಲ್ ಅಲಾರ್ಮ್‌ಗಳ ಪರಿಶೀಲನೆ

ವರ್ಟಿಕಲ್ ಮಷಿನಿಂಗ್ ಸೆಂಟರಿನ ಪರದೆಯ ಮೇಲೆ ಓವರ್‌ಟ್ರಾವೆಲ್ ಅಲಾರ್ಮ್ ಬಂತೆಂದರೆ ಸಾಮಾನ್ಯವಾಗಿ ಆಪರೇಟರ್ ಮಾಡುವುದು ಮೂರೇ ಕೆಲಸ: ಅಕ್ಷವನ್ನು ಹ್ಯಾಂಡಲ್‌ನಿಂದ ಹಿಂದಕ್ಕೆ ತರುವುದು, ರೀಸೆಟ್ ಒತ್ತುವುದು, ಕೆಲಸ ಮುಂದುವರಿಸುವುದು. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಅಷ್ಟೇ ಸಾಕಾಗುವುದರಿಂದಲೇ ಆ ಅಲಾರ್ಮ್ ಹೇಳುತ್ತಿರುವುದೇನು ಎಂದು ಕೇಳುವ ಅಭ್ಯಾಸ ನಮ್ಮ ಶಾಪ್‌ಗಳಲ್ಲಿ ಬೆಳೆದಿಲ್ಲ. 1953ರಲ್ಲಿ ಎಚ್‌ಎಂಟಿಯಿಂದ ಮೊದಲ್ಗೊಂಡು ಯಂತ್ರೋಪಕರಣ ತಯಾರಿಕೆಯನ್ನೇ ಕಸುಬಾಗಿಸಿಕೊಂಡ ಬೆಂಗಳೂರಿಗೆ, ಪೀಣ್ಯದ ಜಾಬ್ ಶಾಪ್‌ಗಳಿಗೆ, ಬೆಳಗಾವಿಯ ಉದ್ಯಮಬಾಗಿಗೆ ಈ ಪ್ರಶ್ನೆ ದೂರದ್ದಲ್ಲ. ಅಕ್ಷ ಗಡಿ ದಾಟಿತು ಎಂಬುದು ಈ ಅಲಾರ್ಮಿನ ಮೇಲ್ನೋಟದ ಅರ್ಥ ಮಾತ್ರ. ಕಂಟ್ರೋಲ್ ನಂಬಿರುವ ಸ್ಥಾನಕ್ಕೂ ಟೇಬಲ್ ನಿಜವಾಗಿ ನಿಂತಿರುವ ಸ್ಥಾನಕ್ಕೂ ಇರುವ ಸಂಬಂಧ ಸರಿಯಿದೆಯೇ ಎಂಬ ಪರೀಕ್ಷೆ ಅದರೊಳಗೆ ಅಡಗಿದೆ. ಈ ಲೇಖನದ ವಾದ ಅದೇ.

ಗಡಿಗಳು ಎರಡು ಬಗೆಯವು. ಸಾಫ್ಟ್ ಲಿಮಿಟ್ ಎಂಬುದು ಕಂಟ್ರೋಲಿನ ನೆನಪಿನಲ್ಲಿರುವ ಒಂದು ಸಂಖ್ಯೆ. ಫ್ಯಾನುಕ್ 0ಐ ಸರಣಿಯಲ್ಲಿ ಧನ ದಿಕ್ಕಿನ ಗಡಿ 1320ನೇ ಪ್ಯಾರಾಮೀಟರಿನಲ್ಲಿಯೂ ಋಣ ದಿಕ್ಕಿನದು 1321ರಲ್ಲಿಯೂ ಇರುತ್ತದೆ; ದಾಟಿದರೆ ಕ್ರಮವಾಗಿ 500 ಮತ್ತು 501ನೇ ಅಲಾರ್ಮ್ ಬರುತ್ತದೆ. ಹಾರ್ಡ್ ಲಿಮಿಟ್ ಎಂಬುದು ಹಳಿಯ ತುದಿಯಲ್ಲಿ ಕೂರಿಸಿದ ನಿಜವಾದ ಸ್ವಿಚ್. ಅದು ತಾಗಿದರೆ 506 ಅಥವಾ 507. ಮೊದಲನೆಯದು ಲೆಕ್ಕದಿಂದ ತಿಳಿಯುತ್ತದೆ, ಎರಡನೆಯದು ಕತ್ತಲಲ್ಲಿ ಗೋಡೆ ತಡವುವವನಂತೆ ಮುಟ್ಟಿ ತಿಳಿಯುತ್ತದೆ. ಇವೆರಡರ ಆಚೆಗೆ ಉಳಿಯುವುದು ರಬ್ಬರ್ ಬಫರ್ ಅಥವಾ ಲೋಹದ ತಡೆ ಮಾತ್ರ.

ಎರಡು ಗಡಿ ಏಕೆ ಬೇಕು ಎಂಬುದಕ್ಕೆ ಉತ್ತರ ವೇಗದಲ್ಲಿದೆ. ನಿಮಿಷಕ್ಕೆ 24 ಮೀಟರ್ ರ‍್ಯಾಪಿಡ್ ಎಂದರೆ ಸೆಕೆಂಡಿಗೆ 0.4 ಮೀಟರ್. ಸೆಕೆಂಡಿಗೆ ಸೆಕೆಂಡಿಗೆ 4 ಮೀಟರ್ ದರದಲ್ಲಿ ವೇಗ ತಗ್ಗಿಸಬಲ್ಲ ಅಕ್ಷ ನಿಲ್ಲಲು 20 ಮಿ.ಮೀ. ಬೇಕು. ರ‍್ಯಾಪಿಡ್ ಇಮ್ಮಡಿಯಾಗಿ 48 ಮೀಟರ್ ಆದರೆ ಬೇಕಾಗುವ ದೂರ ನಾಲ್ಮಡಿ, 80 ಮಿ.ಮೀ. ಸ್ವಿಚ್ಚಿನ ಆಚೆಗೆ ಅಷ್ಟು ಖಾಲಿ ಹಳಿ ಬಿಡುವುದು ಯಾವ ತಯಾರಕರಿಗೂ ಸುಲಭವಲ್ಲ. ಹಾಗಾಗಿ ಪೂರ್ಣ ವೇಗದಲ್ಲಿ ಬರುವ ಟೇಬಲ್ಲನ್ನು ಹಾರ್ಡ್ ಲಿಮಿಟ್ ಒಂದೇ ಕಾಪಾಡಲಾರದು. ಸಾಫ್ಟ್ ಲಿಮಿಟ್ ನೋಡುವುದು ಆಜ್ಞೆಯಲ್ಲಿರುವ ಸ್ಥಾನವನ್ನು. ಟೇಬಲ್ ಅಲ್ಲಿಗೆ ತಲುಪುವ ಮೊದಲೇ ಅದಕ್ಕೆ ವಿಷಯ ಗೊತ್ತಿರುತ್ತದೆ. ಆದರೆ ಹೋಮ್ ಆಗದ, ಅಂದರೆ ತನ್ನ ರೆಫರೆನ್ಸ್ ಬಿಂದುವನ್ನು ಇನ್ನೂ ಹಿಡಿಯದ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದೇ ತಿಳಿಯದು, ಆಗ ಸಾಫ್ಟ್ ಲಿಮಿಟ್ಟಿಗೆ ಅರ್ಥವಿಲ್ಲ. ಪವರ್ ಹಾಕಿದ ಮೇಲೆ ರೆಫರೆನ್ಸ್ ಮುಗಿಯುವವರೆಗೆ ಮ್ಯಾನ್ಯುಯಲ್ ರ‍್ಯಾಪಿಡ್ ಕೊಡದಿರುವ ಏರ್ಪಾಡು ಫ್ಯಾನುಕ್‌ನ 1401ನೇ ಪ್ಯಾರಾಮೀಟರಿನಲ್ಲಿ ಇರುವುದು ಇದಕ್ಕಾಗಿಯೇ. ಸ್ಥಾನ ತಿಳಿಯದಿರುವಷ್ಟು ಕಾಲ ಕಂಟ್ರೋಲ್ ವೇಗ ಕೊಡುವುದಿಲ್ಲ. ಈ ವಿನ್ಯಾಸದ ಹಿಂದಿನ ವಿವೇಕ ನನಗೆ ಬಹಳ ಮೆಚ್ಚುಗೆಯಾದದ್ದು.

ಈಗ ಒಂದು ಲೆಕ್ಕ. ಎಕ್ಸ್ ಅಕ್ಷದ ಓಟ 600 ಮಿ.ಮೀ. ಇರುವ, ಹೋಮ್ ಧನ ತುದಿಯಲ್ಲಿರುವ ಯಂತ್ರವನ್ನು ತೆಗೆದುಕೊಳ್ಳೋಣ. ಸಾಫ್ಟ್ ಲಿಮಿಟ್ +1 ಮತ್ತು −601 ಎಂದಿರಲಿ. ವೈಸ್ ಕೂರಿಸಿ ಹಿಡಿದ ಜಿ54ರ (ಜಾಬಿನ ಶೂನ್ಯ ಬಿಂದುವಿನ) ಎಕ್ಸ್ ಬೆಲೆ −410. ಪ್ರೋಗ್ರಾಂ ಅಲ್ಲಿಂದ ಎಡಕ್ಕೆ, ಟೂಲ್ ಹೊರಗೆ ಬರುವ ದೂರವೂ ಸೇರಿ, 185 ಹೋಗುತ್ತದೆ. ಒಟ್ಟು −595, ಗಡಿಯೊಳಗೇ ಇದೆ. ಮರುದಿನ ಸೆಟ್ಟರ್ ಅದೇ ವೈಸನ್ನು ಸ್ಲಾಟಿನ ಉದ್ದಕ್ಕೆ ಸರಿಸಿ ಕೂರಿಸಿದ್ದರಿಂದ ಜಿ54 −430 ಆಯಿತೆನ್ನಿ. ಈಗ ತಲುಪಬೇಕಾದ ಜಾಗ −615, ಬರುವುದು 501. ಪ್ರೋಗ್ರಾಂ ತಪ್ಪಲ್ಲ, ಯಂತ್ರವೂ ಕೆಟ್ಟಿಲ್ಲ. ವೈಸ್ ಸರಿಸಿದರೆ ಮುಗಿಯಿತು. ದಿನನಿತ್ಯದ ಓವರ್‌ಟ್ರಾವೆಲ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು. ಜಿ43 ಬಿಟ್ಟುಹೋಗಿರುವುದು, ಟೂಲ್ ಉದ್ದದ ಆಫ್‌ಸೆಟ್ಟಿನಲ್ಲಿ ಚಿಹ್ನೆ ತಪ್ಪಿರುವುದು, ದಶಮಾಂಶ ಬಿಂದು ಬಿದ್ದುಹೋಗಿರುವುದು ಎಲ್ಲವೂ ಇದರ ಬಂಧುಗಳೇ. ಕಮಾನಿನ ಚಲನೆಯನ್ನು ಮಾತ್ರ ಪ್ರತ್ಯೇಕವಾಗಿ ಗಮನಿಸಬೇಕು: ಆರಂಭ ಮತ್ತು ಕೊನೆಯ ಬಿಂದುಗಳೆರಡೂ ಗಡಿಯೊಳಗಿದ್ದು, ನಡುವಿನ ಉಬ್ಬು ಮಾತ್ರ ಹೊರಗೆ ಹೋಗಬಹುದು. ಸೀಮೆನ್ಸ್ 840ಡಿ ಈ ಭೇದವನ್ನು ಅಲಾರ್ಮಿನಲ್ಲೇ ತೋರಿಸುತ್ತದೆ. ಬ್ಲಾಕಿನ ಕೊನೆಯ ಬಿಂದುವೇ ಗಡಿಯಾಚೆ ಇದ್ದರೆ 10720, ಚಲಿಸುತ್ತಾ ಅಕ್ಷ ಗಡಿಗೆ ತಲುಪಿದರೆ 10620.

ಇನ್ನು ಕಷ್ಟದ ಭಾಗ. ಅದೇ ಯಂತ್ರ, ಅದೇ ವೈಸ್, ಯಾರೂ ಏನನ್ನೂ ಸರಿಸಿಲ್ಲ. ಬೆಳಿಗ್ಗೆ ಹೋಮ್ ಮಾಡಿ ಜಾಬಿನ ಅಂಚು ಮುಟ್ಟಿಸಿದಾಗ ಜಿ54 −410ರ ಬದಲು −420 ಎಂದು ಬಂತು. ಸೆಟ್ಟರ್ ಅದನ್ನೇ ಬರೆದುಕೊಂಡ. ಪ್ರೋಗ್ರಾಂ −605ಕ್ಕೆ ಹೋಗಬೇಕಾಗಿ ಬಂದು ಮತ್ತೆ ಅದೇ 501. ಪರದೆಯ ಮಟ್ಟಿಗೆ ಹಿಂದಿನ ಪ್ರಸಂಗಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಇರುವುದು ಆ 10 ಮಿ.ಮೀ.ನಲ್ಲಿ. ಈ ಯಂತ್ರದ ಬಾಲ್ ಸ್ಕ್ರೂವಿನ ಪಿಚ್ 10 ಆಗಿದ್ದು, ಮೋಟಾರ್ ಅದಕ್ಕೆ ನೇರವಾಗಿ ಜೋಡಿಸಿದ್ದರೆ, ಕಳೆದುಹೋಗಿರುವುದು ಸರಿಯಾಗಿ ಮೋಟಾರಿನ ಒಂದು ಸುತ್ತು.

ಇದು ಆಗುವ ಬಗೆ ಹೀಗೆ. ಡಾಗ್ (ಹೋಮ್ ಸ್ವಿಚ್ಚನ್ನು ಒತ್ತುವ ತುಂಡು) ಇರುವ ಯಂತ್ರಗಳಲ್ಲಿ ಅಕ್ಷ ವೇಗವಾಗಿ ಬಂದು ಡಾಗ್ ಸ್ವಿಚ್ಚನ್ನು ಒತ್ತಿದಾಗ ನಿಧಾನವಾಗುತ್ತದೆ. ಡಾಗ್ ಬಿಟ್ಟ ಮೇಲೆ ಎನ್‌ಕೋಡರಿನಿಂದ ಬರುವ ಮೊದಲ ಒಂದು-ಸುತ್ತಿನ ಸಿಗ್ನಲ್ಲಿನಲ್ಲಿ ನಿಂತು ಆ ಜಾಗವನ್ನು ಹೋಮ್ ಎಂದು ಹಿಡಿಯುತ್ತದೆ. ಸುತ್ತಿಗೊಮ್ಮೆ ಬರುವ ಆ ಸಿಗ್ನಲ್ ಅತ್ಯಂತ ನಿಖರ. ಡಾಗ್ ಮಾತ್ರ ಒರಟು. ಯಾವ ಸುತ್ತು ಎಂದು ಆರಿಸಿಕೊಡುವುದಷ್ಟೇ ಅದರ ಕೆಲಸ. ಡಾಗ್ ಬಿಡುವ ಅಂಚು ಸಿಗ್ನಲ್ಲಿಗೆ ತೀರಾ ಹತ್ತಿರ ಬಂದಿದ್ದರೆ, ಸ್ವಿಚ್ಚಿನ ಅಲ್ಪ ಸವೆತವೋ ಡಾಗ್ ಮೇಲೆ ಕೂತ ಲೋಹದ ಚೂರೋ ಸಾಕು, ಒಂದು ದಿನ ಈ ಸುತ್ತು, ಇನ್ನೊಂದು ದಿನ ಮುಂದಿನ ಸುತ್ತು. ಅಂಚು ಸಿಗ್ನಲ್ಲಿನಿಂದ ಸುಮಾರು ಅರ್ಧ ಸುತ್ತು ದೂರ ಇರುವಂತೆ ಡಾಗನ್ನು ಸರಿಸಿ ಕೂರಿಸುವುದೇ ಇದರ ಪರಿಹಾರ. ಜಿ54 ತಿದ್ದುವುದಾಗಲಿ 1321ರ ಬೆಲೆಯನ್ನು −611 ಮಾಡುವುದಾಗಲಿ ಪರಿಹಾರವಲ್ಲ. ಹಾಗೆ ಮಾಡಿದರೆ ಹೋಮ್ ಹಳೆಯ ಜಾಗಕ್ಕೆ ಮರಳಿದ ದಿನ ಗಡಿ 10 ಮಿ.ಮೀ. ಹೊರಗೆ ಉಳಿದಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹೋಮ್ ಸರಿದಾಗ ನಿರ್ದೇಶಾಂಕಗಳೂ ಸಾಫ್ಟ್ ಲಿಮಿಟ್ಟೂ ಒಟ್ಟಿಗೇ ಸರಿಯುತ್ತವೆ. ಹಾಗಾಗಿ ಜಿ54 ಮತ್ತೆ ಹಿಡಿಯದೆ ಹಳೆಯ ಬೆಲೆಯಲ್ಲೇ ಓಡಿಸಿದರೆ ಯಾವ ಸಾಫ್ಟ್ ಅಲಾರ್ಮೂ ಬರುವುದಿಲ್ಲ. ಟೂಲ್ 10 ಮಿ.ಮೀ. ಪಕ್ಕದಲ್ಲಿ ಇಳಿಯುತ್ತದೆ, ವೈಸಿನ ದವಡೆಯ ಮೇಲೂ ಇಳಿಯಬಹುದು. ಸರಿದದ್ದು ಧನ ದಿಕ್ಕಿಗಾದರೆ, ಸಾಫ್ಟ್ ಲಿಮಿಟ್ಟಿಗಿಂತ ಮೊದಲೇ ಆ ತುದಿಯ ಹಾರ್ಡ್ ಸ್ವಿಚ್ ಸಿಗುತ್ತದೆ. ಋಣ ದಿಕ್ಕಿಗಾದರೆ ಇನ್ನೊಂದು ತುದಿಯಲ್ಲಿ 501 ಬರುವ ಮೊದಲೇ 507. ಆದ್ದರಿಂದ ಹೋಮ್ ಆದ ಯಂತ್ರ ನಿಧಾನ ವೇಗದಲ್ಲಿ ಹೋಗಿ, ಸಾಫ್ಟ್ ಲಿಮಿಟ್ಟಿನಲ್ಲಿ ನಿಲ್ಲದೆ ಹಾರ್ಡ್ ಸ್ವಿಚ್ ಮುಟ್ಟಿತೆಂದರೆ ಸಂದೇಹ ಎರಡರ ಮೇಲೆಯೇ: ರೆಫರೆನ್ಸ್ ಸರಿದಿದೆ, ಇಲ್ಲವೇ ಯಾರೋ ಪ್ಯಾರಾಮೀಟರ್ ಮುಟ್ಟಿದ್ದಾರೆ.

ಅಬ್ಸೊಲ್ಯೂಟ್ ಎನ್‌ಕೋಡರ್ ಬಂದ ಮೇಲೆ ಡಾಗಿನ ಕಾಟ ಹೋಯಿತು, ಬ್ಯಾಟರಿಯ ಜವಾಬ್ದಾರಿ ಬಂತು. ಬ್ಯಾಟರಿ ಸತ್ತು ಸ್ಥಾನ ಅಳಿಸಿಹೋದರೆ 300ನೇ ಅಲಾರ್ಮ್ ರೆಫರೆನ್ಸ್ ಕೇಳುತ್ತದೆ. ಆಗ ಟೇಬಲ್ಲನ್ನು ಕಣ್ಣಂದಾಜಿನಲ್ಲಿ ನಿಲ್ಲಿಸಿ 1815ರ ಎಪಿಝಡ್ ಬಿಟ್ಟನ್ನು 1 ಮಾಡಿದರೆ ಕಂಟ್ರೋಲ್ ಅದನ್ನೇ ಸತ್ಯವೆಂದು ಒಪ್ಪಿಕೊಳ್ಳುತ್ತದೆ. ಈ ತಪ್ಪು ಡಾಗಿನದಕ್ಕಿಂತ ಅಪಾಯಕಾರಿ, ಏಕೆಂದರೆ ಇಲ್ಲಿ ಸರಿದ ದೂರ ಪಿಚ್ಚಿಗೆ ಹೊಂದುವುದಿಲ್ಲ, 3 ಮಿ.ಮೀ. ಇರಬಹುದು, 7 ಇರಬಹುದು, ಗುರುತು ಹಿಡಿಯಲು ಸುಳಿವೇ ಇಲ್ಲ.

ಹಾರ್ಡ್ ಅಲಾರ್ಮ್ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಈ ಸ್ವಿಚ್‌ಗಳು ಸಹಜ ಸ್ಥಿತಿಯಲ್ಲಿ ಮುಚ್ಚಿರುವ ಸಂಪರ್ಕಗಳು. ತಂತಿ ತುಂಡಾದರೂ ಅಲಾರ್ಮ್ ಬರಲಿ ಎಂಬುದೇ ಉದ್ದೇಶ. ಟೇಬಲ್ ನಟ್ಟನಡುವೆ ನಿಂತಿರುವಾಗ 506 ಬಂದರೆ ತುದಿಯಲ್ಲಿ ಹುಡುಕುವ ಅಗತ್ಯವಿಲ್ಲ. ಪಿಎಂಸಿ ಪರದೆಯಲ್ಲಿ ಜಿ114, ಜಿ116 ಸಿಗ್ನಲ್‌ಗಳನ್ನು ನೋಡಿದರೆ ಯಾವ ಅಕ್ಷದ ಸರ್ಕ್ಯೂಟ್ ತೆರೆದಿದೆ ಎಂದು ತಿಳಿಯುತ್ತದೆ. ಕೂಲಂಟ್ ಒಳಹೊಕ್ಕ ಸ್ವಿಚ್, ಕೇಬಲ್ ಚೈನಿನೊಳಗೆ ಬಾಗಿ ಬಾಗಿ ಮುರಿದ ತಂತಿ ಇವೇ ಬಹುತೇಕ ಕಾರಣ. ಕೆಲವು ತಯಾರಕರು ಲಿಮಿಟ್ ಸ್ವಿಚ್‌ಗಳನ್ನು ಎಮರ್ಜೆನ್ಸಿ ಸಾಲಿನಲ್ಲೇ ಸೇರಿಸಿರುತ್ತಾರೆ. ಅಲ್ಲಿ ಓವರ್‌ಟ್ರಾವೆಲ್ ಅಲಾರ್ಮಿನ ಬದಲು ಎಮರ್ಜೆನ್ಸಿ ಸ್ಥಿತಿಯೇ ಕಾಣುತ್ತದೆ, ಡ್ರೈವ್ ಪವರ್ ಹೋಗಿರುತ್ತದೆ. ರಿಲೀಸ್ ಬಟನ್ ಒತ್ತಿ ಹಿಡಿದು ಹೊರಗೆ ತರುವ ಆ ಕ್ಷಣದಲ್ಲಿ ಸ್ವಿಚ್ಚಿನ ರಕ್ಷಣೆ ಇರುವುದಿಲ್ಲ. ಹ್ಯಾಂಡಲ್ ಅತಿ ಸಣ್ಣ ಹೆಜ್ಜೆಯಲ್ಲಿರಬೇಕು. ದಿಕ್ಕು ಯಾವುದೆಂದು ಟೇಬಲ್ಲನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕು, ಪರದೆಯ ಅಂಕಿ ನೋಡಿ ಅಲ್ಲ.

ಗಡಿಯನ್ನೇ ತೆಗೆದುಹಾಕುವ ರೂಢಿಯ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಫ್ಯಾನುಕ್‌ನಲ್ಲಿ 1320ರ ಬೆಲೆ 1321ಕ್ಕಿಂತ ಕಡಿಮೆಯಾದರೆ ಗಡಿಯೇ ಇಲ್ಲವೆಂದು ಲೆಕ್ಕ. ರೆಫರೆನ್ಸ್ ಮತ್ತೆ ಕೂರಿಸುವಾಗ ಸರ್ವಿಸ್‌ನವರು ತಾತ್ಕಾಲಿಕವಾಗಿ ಗಡಿಯನ್ನು ಅಗಲಿಸುವುದು ನ್ಯಾಯವೇ. ಹಿಂದಿನ ಬೆಲೆ ಬರೆದಿಟ್ಟುಕೊಳ್ಳದೆ ಅಗಲಿಸುವುದು ಅನ್ಯಾಯ. ಅಲ್ಲಿಂದ ಮುಂದೆ ಅಲಾರ್ಮ್ ಬರುವುದಿಲ್ಲ, ಆಪರೇಟರಿಗೆ ಯಂತ್ರ ಸರಿಹೋಯಿತೆನ್ನಿಸುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಎರಡು ಮೂರು ಯಂತ್ರ ನೋಡಿಕೊಳ್ಳುವ ಹುಡುಗನಿಗೆ ಆ ಮೌನದ ಹಿಂದೆ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಅಕ್ಷ ತುದಿಯ ತಡೆಗೆ ಬಡಿದಾಗ ಬಾಲ್ ಸ್ಕ್ರೂ, ಬೇರಿಂಗ್, ಕಪ್ಲಿಂಗ್ ಇವುಗಳಿಗೆ ಬೀಳುವ ಹೊಡೆತ ಮುಂದೆ ಅಳತೆಯ ತಪ್ಪಾಗಿ ಹೊರಬರುತ್ತದೆ, ಅದರ ಹೊಣೆಯೂ ಅವನ ಮೇಲೆಯೇ ಬೀಳುತ್ತದೆ.

ನನ್ನ ಸಲಹೆ ಖರ್ಚಿಲ್ಲದ್ದು. ಪ್ರತಿ ಅಕ್ಷವನ್ನೂ ಹೋಮಿನಲ್ಲಿ ನಿಲ್ಲಿಸಿ, ಚಲಿಸುವ ಭಾಗದ ಮೇಲೂ ಅದರ ಪಕ್ಕದ ಸ್ಥಿರ ಭಾಗದ ಮೇಲೂ ಎದುರುಬದುರಾಗಿ ಒಂದೊಂದು ಗೀರು ಹಾಕಬೇಕು. ಎರಡೂ ತುದಿಗಳಲ್ಲಿ ಸಾಫ್ಟ್ ಲಿಮಿಟ್ಟಿನಿಂದ ಹಾರ್ಡ್ ಸ್ವಿಚ್ಚಿಗೆ ಎಷ್ಟು ದೂರವೆಂದು ಅಳೆದು ಪಿಚ್, 1320, 1321ರ ಜೊತೆಗೆ ಯಂತ್ರದ ಪುಸ್ತಕದಲ್ಲಿ ಬರೆದಿಡಬೇಕು. ಪಾಳಿ ಶುರುವಾದಾಗ ಹೋಮ್ ಮಾಡಿ ಗೀರುಗಳನ್ನು ನೋಡುವುದು ಅರ್ಧ ನಿಮಿಷದ ಕೆಲಸ. ಮೇಲಿನ ಲೆಕ್ಕದ ಯಂತ್ರದಲ್ಲಿ ಈ ಗೀರುಗಳಿದ್ದಿದ್ದರೆ −420 ಎಂಬ ಸಂಖ್ಯೆ ಜಿ54ರ ಪುಟಕ್ಕೆ ಹೋಗುವ ಮೊದಲೇ 10 ಮಿ.ಮೀ. ಅಂತರ ಕಣ್ಣಿಗೆ ಬೀಳುತ್ತಿತ್ತು, ಮೆಂಟೆನೆನ್ಸ್‌ನವರು ನೇರವಾಗಿ ಡಾಗಿನ ಬಳಿಗೇ ಹೋಗುತ್ತಿದ್ದರು.