ಗೇರುಸಿಪ್ಪೆ, ಪುನರ್ಪುಳಿ, ಅರಶಿನ: ಜೀನಿನ ಬೀಗ ಹುಡುಕಿದವರ ಚರಿತ್ರೆ

ಪುನರ್ಪುಳಿ ಸೀಸನ್ ಬಂತು ಅಂದ್ರೆ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ತಿರುಗಲಿಕ್ಕೆ ಶುರುವಾಗ್ತದೆ. "ಪುನರ್ಪುಳಿ ಕುಡಿದ್ರೆ ಕ್ಯಾನ್ಸರ್ ಗುಣ, ಬೆಂಗಳೂರಿನ ವಿಜ್ಞಾನಿಗಳೇ ಹೇಳಿದ್ದಾರೆ" ಅಂತ. ಕೆಲವರು ಅದನ್ನು ನಂಬಿ ಹತ್ತು ಜನಕ್ಕೆ ಕಳಿಸ್ತಾರೆ, ಕೆಲವರು ನಗಾಡಿ ಬಿಡ್ತಾರೆ. ಎರಡೂ ಸರಿ ಅಲ್ಲ. ಬೆಂಗಳೂರಿನಲ್ಲಿ ಕೆಲಸ ನಡೆದದ್ದು ಹೌದು, ಆದ್ರೆ ಅವರು ಹೇಳಿದ್ದು ಬೇರೆ. ಪುನರ್ಪುಳಿಗಿಂತ ಮೊದಲು ಅವರ ಕೈಗೆ ಸಿಕ್ಕಿದ್ದು ನಮ್ಮ ಗೇರುಬೀಜದ ಸಿಪ್ಪೆ. ಗೇರು ಸಂಶೋಧನಾ ನಿರ್ದೇಶನಾಲಯ ಪುತ್ತೂರಿನಲ್ಲೇ ಉಂಟು, 1986ರಲ್ಲಿ ಶುರುವಾದದ್ದು. ಹಾಗಿದ್ದೂ ಸಿಪ್ಪೆಯ ಈ ಚರಿತ್ರೆ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ಹಾಗಾಗಿ ಈ ಸರ್ತಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಪ್ರಶ್ನೆ. ಒಂದು ಅಡಿಕೆ ಮರದ ಬೇರು, ಸೋಗೆ, ಹಿಂಗಾರ, ಅಡಿಕೆ ಎಲ್ಲದರ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್ಎ. ಹಾಗಾದ್ರೆ ಬೇರಿಗೆ ತಾನು ಬೇರು, ಹಿಂಗಾರಕ್ಕೆ ತಾನು ಹಿಂಗಾರ ಅಂತ ಗೊತ್ತಾಗುದು ಹೇಗೆ? ಪುಸ್ತಕ ಒಂದೇ ಆದರೂ ಬೇರಿನಲ್ಲಿ ಕೆಲವು ಪುಟ ಮಾತ್ರ ತೆರೆದಿರ್ತದೆ, ಹಿಂಗಾರದಲ್ಲಿ ಬೇರೆ ಪುಟ. ಯಾವ ಪುಟ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬ ಏರ್ಪಾಡಿಗೆ ಜೀನ್ ನಿಯಂತ್ರಣ ಅಂತ ಹೆಸರು. ಅದರ ಬೀಗ ಇರುವುದು ಡಿಎನ್ಎಯನ್ನು ಸುತ್ತಿಟ್ಟ ರೀತಿಯಲ್ಲಿ.

ಮನುಷ್ಯನ ಒಂದು ಜೀವಕೋಶದ ಡಿಎನ್ಎಯನ್ನು ಎಳೆದು ನೇರ ಮಾಡಿದ್ರೆ ಸಾಧಾರಣ 2 ಮೀಟರ್ ಉದ್ದ ಬರ್ತದೆ. ಅದು ಕೂತಿರುವ ಕೋಣೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಇಲ್ಲ. ನೂಲನ್ನು ಉಂಡೆಗೆ ಸುತ್ತಿದ ಹಾಗೆ ಸುತ್ತದೆ ಬೇರೆ ದಾರಿಯೇ ಇಲ್ಲ. ಆ ಉಂಡೆಗಳು ಹಿಸ್ಟೋನ್ ಎಂಬ ಪ್ರೋಟೀನಿನವು. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಅದನ್ನು 1884ರಲ್ಲಿ ಹೆಬ್ಬಾತಿನ ರಕ್ತದಿಂದ ಬೇರ್ಪಡಿಸಿದ್ರು. ಡಿಎನ್ಎ ನೂಲು, ಹಿಸ್ಟೋನ್ ಉಂಡೆ ಎರಡೂ ಸೇರಿದ್ದಕ್ಕೆ ಕ್ರೊಮ್ಯಾಟಿನ್ ಅಂತ ಹೆಸರು. ನೂಲು ಉಂಡೆಗೆ ಹೇಗೆ ಸುತ್ತಿಕೊಂಡಿದೆ ಅಂತ ರೋಜರ್ ಕೋರ್ನ್‌ಬರ್ಗ್ ವಿವರಿಸಿದ್ದು 1974ರಲ್ಲಿ. ಕೊಸೆಲ್ ಅವರಿಂದ ಅಲ್ಲಿಗೆ ಭರ್ತಿ 90 ವರ್ಷ.

ನಡುವೆ 1964ರಲ್ಲಿ ಅಮೆರಿಕದ ವಿನ್ಸೆಂಟ್ ಆಲ್ಫ್ರೇ ಒಂದು ಮುಖ್ಯ ಸಂಗತಿ ಹೇಳಿದ್ರು. ಹಿಸ್ಟೋನಿಗೆ ಅಸಿಟೈಲ್ ಎಂಬ ಸಣ್ಣ ತುಂಡು ಅಂಟಿದ ಕಡೆ ಜೀನು ಕೆಲಸ ಮಾಡ್ತದೆ ಅಂತ. ಅಸಿಟೈಲ್ ಹೇಳಿದ್ರೆ ವಿನೆಗರಿನ ಅಣುವಿನ ಒಂದು ಭಾಗ. ಹಿಸ್ಟೋನಿಗೆ ಬಾಲದ ಹಾಗೆ ಹೊರಗೆ ಚಾಚಿದ ಎಳೆಗಳುಂಟು. ಆ ಎಳೆಗಳಲ್ಲಿ ಧನ ವಿದ್ಯುತ್, ಡಿಎನ್ಎಯಲ್ಲಿ ಋಣ ವಿದ್ಯುತ್, ಹಾಗಾಗಿ ಒಂದನ್ನೊಂದು ಬಿಗಿಯಾಗಿ ಹಿಡ್ಕೊಳ್ತವೆ. ಅಸಿಟೈಲ್ ಬಂದು ಅಂಟಿದ್ರೆ ಆ ಹಿಡಿತ ಸಡಿಲ, ನೂಲು ಬಿಚ್ಚಿಕೊಳ್ತದೆ, ಪುಟ ಓದಲಿಕ್ಕೆ ಆಗ್ತದೆ. ಅಸಿಟೈಲನ್ನು ಅಂಟಿಸುವ ಕೆಲಸಗಾರ ಪ್ರೋಟೀನುಗಳು ಯಾವುವು ಅಂತ ಸರಿಯಾಗಿ ತಿಳಿದದ್ದು 1996ರ ಹೊತ್ತಿಗೆ. ಅದರಲ್ಲಿ ಒಂದರ ಹೆಸರು ಪಿ-300. ಇದೊಂದು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಕರ್ನಾಟಕದಲ್ಲಿ ಈ ಸುತ್ತುವ, ಬಿಚ್ಚುವ ವಿಷಯಕ್ಕೇ ಜೀವನ ಕೊಟ್ಟವರು ಪ್ರೊ. ಎಂ.ಆರ್.ಎಸ್. ರಾವ್. ಹುಟ್ಟಿದ್ದು ಮೈಸೂರಿನಲ್ಲಿ, 1948ರಲ್ಲಿ. ಕೆಲಸ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅದರ ಅಧ್ಯಕ್ಷರೂ ಆಗಿದ್ರು. ಗಂಡು ಇಲಿಯ ವೀರ್ಯಾಣು ತಯಾರಾಗುವಾಗ ಹಿಸ್ಟೋನುಗಳೆಲ್ಲ ಹೊರಗೆ ಹೋಗಿ ಬೇರೆ ಸಣ್ಣ ಪ್ರೋಟೀನುಗಳು ಬಂದು ಡಿಎನ್ಎಯನ್ನು ಇನ್ನೂ ಬಿಗಿಯಾಗಿ ಕಟ್ಟುತ್ತವೆ. ಈ ಬದಲಾವಣೆಯ ನಡುವೆ ಬಂದು ಹೋಗುವ ಟಿಪಿ-2 ಎಂಬ ಪ್ರೋಟೀನನ್ನು ಹಿಡಿದು ಅವರ ಲ್ಯಾಬು ಎಷ್ಟೋ ವರ್ಷ ಕೆಲಸ ಮಾಡಿತು. 2010ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2023ರಲ್ಲಿ ತೀರಿಕೊಂಡ್ರು.

ಅವರ ಹತ್ತಿರ ಪಿಎಚ್‌ಡಿ ಮಾಡಿದವರಲ್ಲಿ ಒಬ್ಬರು ತಪಸ್ ಕುಮಾರ್ ಕುಂಡು. ಬಂಗಾಳದವರು. ಇಲ್ಲಿ ಕಲಿತು, ಅಮೆರಿಕದಲ್ಲಿ ರಾಬರ್ಟ್ ರೋಡರ್ ಅವರ ಲ್ಯಾಬಿನಲ್ಲಿ ದುಡಿದು, 1999ರಲ್ಲಿ ಜಕ್ಕೂರಿಗೆ ಬಂದು ತಮ್ಮದೇ ಲ್ಯಾಬು ಕಟ್ಟಿದ್ರು. ಅವರ ಮುಂದಿದ್ದ ಕೆಲಸ, ಪಿ-300ನ ಕೈ ಹಿಡಿದು ನಿಲ್ಲಿಸುವ ಸಣ್ಣ ಅಣು ಹುಡುಕುದು. ಯಾಕೆ ಹೇಳಿದ್ರೆ, ಮುಚ್ಚಿರಬೇಕಾದ ಪುಟ ತೆರೆದುಕೊಂಡು, ತೆರೆದಿರಬೇಕಾದ್ದು ಮುಚ್ಚಿಹೋಗುದು ಕ್ಯಾನ್ಸರಿನಂಥ ಕಾಯಿಲೆಗಳಲ್ಲಿ ಕಾಣುವ ಸಂಗತಿ.

ಆ ಅಣು ಸಿಕ್ಕಿದ್ದು ಗೇರುಸಿಪ್ಪೆಯ ಎಣ್ಣೆಯಲ್ಲಿ.

ಆ ಎಣ್ಣೆಯ ಪರಿಚಯ ನಿಮಗೆ ಹೇಳಬೇಕಾಗಿಲ್ಲ. ಹಸಿ ಬೀಜ ಒಡೆದ ಕೈ ಕಪ್ಪಾಗಿ ಚರ್ಮ ಸುಲಿದು ಹೋಗುದು ಅದರಿಂದಲೇ. ಬೀಜದ ಕೆಲಸಕ್ಕೆ ಹೋಗುವ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಳ್ಳುದು ಅದಕ್ಕೇ. ಕೆಂಡಕ್ಕೆ ಹಾಕಿದ ಬೀಜ ಚಿಟಿಚಿಟಿ ಹಾರಿ ಬೆಂಕಿ ಕಾರುದೂ ಅದೇ ಎಣ್ಣೆ. ದೋಣಿಯ ಮರಕ್ಕೆ, ಗೆದ್ದಲು ಬರುವ ಪಕ್ಕಾಸಿಗೆ ಬಳಿಯುದು ಹಿಂದಿನಿಂದ ಉಂಟು. ಈಗ ಪೇಂಟಿಗೆ, ಗಾಡಿಯ ಬ್ರೇಕ್ ಲೈನರಿಗೆ ಹೋಗ್ತದೆ. ಹಸಿ ಸಿಪ್ಪೆಯ ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅನಾಕಾರ್ಡಿಕ್ ಆಸಿಡ್. ಚೆನ್ನಾಗಿ ಹುರಿದ್ರೆ ಅದು ಉಳಿಯುದಿಲ್ಲ, ಕಾರ್ಡನಾಲ್ ಎಂಬ ಬೇರೆ ವಸ್ತು ಆಗ್ತದೆ.

2003ರಲ್ಲಿ ಕುಂಡು ಅವರ ತಂಡ ಪ್ರಕಟಿಸಿದ ಲೇಖನದಲ್ಲಿ ಇದ್ದ ಸಂಗತಿ ಹೀಗೆ: ಅನಾಕಾರ್ಡಿಕ್ ಆಸಿಡ್ ಪಿ-300ನ ಕೆಲಸವನ್ನು ತಡೆಯುತ್ತದೆ. ಅದನ್ನು ಪರೀಕ್ಷೆ ಮಾಡಿದ ಕ್ರಮ ನನಗೆ ತುಂಬಾ ಇಷ್ಟವಾಯ್ತು. ಉಂಡೆಗೆ ಸುತ್ತದ ಬರೀ ಡಿಎನ್ಎ ಇಟ್ಟಾಗ ಈ ಆಸಿಡ್ ಏನೂ ಅಡ್ಡಿ ಮಾಡಲಿಲ್ಲ, ಜೀನು ಓದುವ ಕೆಲಸ ನಡೀತು. ಉಂಡೆಗೆ ಸುತ್ತಿದ ಡಿಎನ್ಎ ಇಟ್ಟಾಗ ಮಾತ್ರ ಆ ಕೆಲಸ ನಿಂತಿತು. ಹಾಗಾದ್ರೆ ಆಸಿಡ್ ತಡೆದದ್ದು ಓದುವವನನ್ನು ಅಲ್ಲ, ಪುಟ ಬಿಚ್ಚುವವನನ್ನು. ತೋಟಕ್ಕೆ ನೀರು ಬರದಿದ್ರೆ ಪಂಪು ಹಾಳಾ, ಗೇಟ್‌ವಾಲ್ವ್ ಬಂದಾ ಅಂತ ನಾವು ಒಂದೊಂದೇ ಬಿಚ್ಚಿ ನೋಡುದಿಲ್ವಾ, ಹಾಗೆಯೇ ಇದು.

ಅದೇ ಲೇಖನದಲ್ಲಿ ಇನ್ನೊಂದು ತಮಾಷೆ. ಅನಾಕಾರ್ಡಿಕ್ ಆಸಿಡಿನಿಂದ ಸ್ವಲ್ಪ ಬದಲಾಯಿಸಿ ಮಾಡಿದ ಒಂದು ಅಣು ಪಿ-300ನ್ನು ತಡೆಯುವ ಬದಲು ಅದರ ಕೆಲಸವನ್ನು ಹೆಚ್ಚು ಮಾಡಿತು. ಅಪ್ಪ ಬ್ರೇಕು, ಮಗ ಎಕ್ಸಿಲೇಟರ್!

ಮರು ವರ್ಷ, 2004ರಲ್ಲಿ, ಎರಡು ಲೇಖನ ಬಂದವು. ಒಂದು ಅರಶಿನದ ಕರ್ಕ್ಯುಮಿನ್ ಬಗ್ಗೆ. ಇನ್ನೊಂದು ಪುನರ್ಪುಳಿಯ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಬಗ್ಗೆ. ಎರಡೂ ಪಿ-300ನ್ನು ತಡೆದವು. ಗಾರ್ಸಿನಾಲ್ ಪಿ-300 ಜೊತೆಗೆ ಪಿಕ್ಯಾಫ್ ಎಂಬ ಇನ್ನೊಂದು ಕೆಲಸಗಾರನನ್ನೂ ತಡೆಯಿತು. ಕರ್ಕ್ಯುಮಿನ್ ಪಿಕ್ಯಾಫಿನ ತಂಟೆಗೆ ಹೋಗಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಕ್ಕೆ ಗಾರ್ಸಿನಾಲ್ ಹಾಕಿದಾಗ ಆ ಕೋಶಗಳು ಸತ್ತವು. ಫಾರ್ವರ್ಡ್ ಮೆಸೇಜಿನ ಬೇರು ಇಂಥ ಪ್ರಯೋಗದಲ್ಲಿ ಉಂಟು. ಆದ್ರೆ ತಟ್ಟೆಯ ಕೋಶಕ್ಕೂ ಮನುಷ್ಯನಿಗೂ ನಡುವೆ ತುಂಬಾ ದೂರ. ಗಾರ್ಸಿನಾಲ್ ನೀರಿನಲ್ಲಿ ಸರಿಯಾಗಿ ಕರಗುದೂ ಇಲ್ಲ, ಹಾಗಾಗಿ ಶರಬತ್ತಿನಲ್ಲಿ ನಾವು ಕುಡಿಯುದು ಹೆಚ್ಚಾಗಿ ಅದರ ಬಣ್ಣ ಮತ್ತು ಹುಳಿ. ಶರಬತ್ತು ಒಳ್ಳೆದೇ, ಬೇಸಿಗೆಗೆ ಅದಕ್ಕಿಂತ ಒಳ್ಳೆದು ಬೇರೆ ಇಲ್ಲ. ಆದ್ರೆ ಡಾಕ್ಟ್ರ ಮದ್ದು ಬಿಟ್ಟು ಅದನ್ನೇ ನಂಬಿ ಕೂರುವ ಹಾಗಿಲ್ಲ. ಸಿಪ್ಪೆ ಎಣ್ಣೆಯನ್ನಂತೂ ಮೈಗೆ, ಬಾಯಿಗೆ ಯಾರೂ ತಾಗಿಸಬೇಡಿ.

ತಂಡದವರೂ ಅಲ್ಲಿಗೆ ಬಿಡಲಿಲ್ಲ. ಬರೀ ಗಾರ್ಸಿನಾಲ್ ಒಳ್ಳೆ ಕೋಶಕ್ಕೂ ವಿಷ. ಅದರ ರೂಪ ಬದಲಾಯಿಸಿ, ಪಿ-300ನ್ನು ಮಾತ್ರ ತಡೆಯುವ, ಅಷ್ಟು ವಿಷ ಇಲ್ಲದ ಅಣುವನ್ನು 2007ರಲ್ಲಿ ಹೊರಗೆ ತಂದ್ರು. ಗೇರಿನ ಕಡೆಯಿಂದ ಬಂದ ಎಕ್ಸಿಲೇಟರ್ ಅಣು ಕೋಶದ ಒಳಗೆ ಸರಿಯಾಗಿ ಹೋಗ್ತಿರಲಿಲ್ಲ. ಅದೇ ಜಾತಿಯ ಇನ್ನೊಂದು ಅಣು ಮಾಡಿ, ಇಂಗಾಲದ ಅತಿ ಸಣ್ಣ ಗುಂಡಿಗೆ ಅಂಟಿಸಿ ಇಲಿಗೆ ಕೊಟ್ರು. ಅದು ಮೆದುಳಿನವರೆಗೆ ತಲುಪಿತು, ಇಲಿಯ ನೆನಪು ಹೆಚ್ಚು ದಿನ ಉಳಿಯಿತು ಅಂತ 2013ರ ಲೇಖನ. 2019ರಲ್ಲಿ ಲಂಡನ್ನಿನ ತಂಡದ ಜೊತೆ ಸೇರಿ ಮಾಡಿದ ಕೆಲಸದಲ್ಲಿ, ಬೆನ್ನುಹುರಿಗೆ ಪೆಟ್ಟಾದ ಇಲಿಗಳ ನರದ ಎಳೆ ಮತ್ತೆ ಬೆಳೆಯಲಿಕ್ಕೆ ಅದೇ ಅಣು ಸಹಾಯ ಮಾಡಿತು.

ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನು ಮುರಿದು ಮಲಗಿದವರು ನಮ್ಮ ಒಂದೊಂದು ಊರಿನಲ್ಲೂ ಇದ್ದಾರೆ. ಅವರ ಮನೆಯವರು ಇದನ್ನು ಓದಿ ನಾಳೆಯೇ ಮದ್ದು ಸಿಗ್ತದೆ ಅಂತ ಎಣಿಸಬಾರದು. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗ್ಲೇಬೇಕು ಅಂತ ಇಲ್ಲ. ಆದ್ರೆ ಹುಡುಕುವವರು ಇದ್ದಾರೆ ಎಂಬುದೂ ಸಣ್ಣ ಸಂಗತಿ ಅಲ್ಲ.

ಇದರಿಂದ ನಮ್ಮ ಗೇರುಬೀಜಕ್ಕೆ ಕಿಲೋಕ್ಕೆ ಒಂದು ರೂಪಾಯಿ ಹೆಚ್ಚು ಸಿಕ್ಕಿತಾ ಕೇಳಿದ್ರೆ, ಇಲ್ಲ. ಆದರೂ ಈ ಚರಿತ್ರೆ ಬರೆದದ್ದು ಯಾಕೆ ಹೇಳಿದ್ರೆ, ಗುಡ್ಡೆ ತಟ್ಟು ಮಾಡಲಿಕ್ಕೆ ಜೆಸಿಬಿ ಬಂದಾಗ ಮೊದಲು ಬೀಳುದು ಯಾರೂ ನೆಡದೆ ತಾನಾಗಿ ಬಂದ ಪುನರ್ಪುಳಿ, ಹಳೇ ಗೇರು. ಲೆಕ್ಕ ಹಾಕಿದ್ರೆ ಅಡಿಕೆಯಷ್ಟು ಅದರಲ್ಲಿ ಹುಟ್ಟುದಿಲ್ಲ, ಸತ್ಯ. ಹಾಗಂತ ಒಂದು ಮರದ ಒಳಗೆ ಎಂತ ಉಂಟು ಅಂತ ನಮಗೆ ತಿಳಿದದ್ದು ಎಷ್ಟು? ಕೈ ಸುಡುವ ಎಣ್ಣೆಯೊಳಗೆ ಜೀನಿನ ಬೀಗಕ್ಕೆ ಹೊಂದುವ ಕೀಲಿ ಉಂಟು ಅಂತ ತಿಳಿಯಲಿಕ್ಕೆ ಕೊಸೆಲ್ ಅವರಿಂದ ಕುಂಡು ಅವರವರೆಗೆ 119 ವರ್ಷ ಹೋಯ್ತು. ಮರ ಗುಡ್ಡೆಯಲ್ಲಿ ಉಳಿದಿದ್ರೆ ತಾನೇ ಹುಡುಕುವವರಿಗೆ ಸಿಗುದು.

ನಿಮ್ಮ ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ಪುನರ್ಪುಳಿ ಎಷ್ಟು ಉಳಿದಿದೆ, ಅದರಲ್ಲಿ ಸಿಪ್ಪೆ ದಪ್ಪ ಇರುವುದು, ಬಿಳಿ ಪುನರ್ಪುಳಿ ಯಾವುದಾದ್ರೂ ಉಂಟಾ, ಒಮ್ಮೆ ಎಣಿಸಿ ಬರೆಯಿರಿ. ಮಳೆ ಹಿಡಿಯುವ ಮೊದಲು ಬೀಜ ತೆಗೆದಿಟ್ರೆ ಒಬ್ಬರಿಗೊಬ್ಬರು ಹಂಚಿಕೊಳ್ಳುವ.