ಝಳ: ಹೊಳಪಿನಿಂದ ಹೊಡೆತದವರೆಗೆ

ಬೀದರ್ ಜಿಲ್ಲೆಯ ಕಮಲನಗರದ ಕಡೆ ಸೆಕೆ ಆಗುತ್ತದೆ, ಧಗೆ ಏರುತ್ತದೆ. ಝಳ ಮಾತ್ರ ಬಡಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊಲದಿಂದ ಬಂದು ಮಲಗಿದವರಿಗೆ ಮನೆಯವರು ಕೊಡುವ ಕಾರಣ ಅದೇ: ‘ಝಳ ಬಡದದ.’

ಪದ ಅಚ್ಚಗನ್ನಡದ್ದಲ್ಲ ಎಂಬುದಕ್ಕೆ ಅದರ ಮಹಾಪ್ರಾಣವೇ ಸುಳಿವು. ಸಂಸ್ಕೃತದ ‘ಝಲಾ’ಕ್ಕೆ ಬಿಸಿಲು, ಹೊಳಪು ಎಂಬ ಅರ್ಥಗಳಿವೆ. ಆ ಹೊಳಪು ನಮ್ಮ ‘ಝಳಪಿಸು’ವಿನಲ್ಲಿ ಉಳಿದಂತಿದೆ; ಝಳಪಿಸಿದ ಕತ್ತಿ ಮಿಂಚದೆ ಇರದು. ಗಡಿಯಾಚೆ ಉದಗೀರದ ಮರಾಠಿಯಲ್ಲಿ ‘ಝಳಕಣೇ’ ಎಂದರೆ ಹೊಳೆಯುವುದು, ‘ಝಳ’ ಎಂದರೆ ಕಾವು. ಮರಾಠಿ ಇನ್ನೂ ಮುಂದೆ ಹೋಗಿ ಬೆಲೆಯೇರಿಕೆಯ ಪೆಟ್ಟನ್ನೂ ಝಳ ಎನ್ನುತ್ತದೆ. ಕನ್ನಡದವರು ಅಲ್ಲಿ ‘ಬಿಸಿ ತಟ್ಟಿತು’ ಎನ್ನುತ್ತೇವೆ. ಕಣ್ಣಿಗೆ ಕಂಡ ಹೊಳಪು ಮೈಗೆ ತಾಗುವ ಕಾವಾಗಿ, ಬದುಕಿಗೆ ಬೀಳುವ ಪೆಟ್ಟಾಗಿ ಬೆಳೆದಿದೆ.

ಝಳಕ್ಕೆ ಒಂದು ಮೂಲ ಬೇಕು, ದಿಕ್ಕು ಬೇಕು: ನೆತ್ತಿಯ ಸೂರ್ಯ, ರೊಟ್ಟಿ ಸುಡುವ ಒಲೆ, ಬೆಲ್ಲದ ಕೊಪ್ಪರಿಗೆಯಡಿಯ ಬೆಂಕಿ, ಕಾದ ಕರಿಕಲ್ಲು. ಗೋಡೆಯ ಮರೆಗೆ ಸರಿದರೆ ಝಳ ತಪ್ಪುತ್ತದೆ, ಸೆಕೆ ತಪ್ಪುವುದಿಲ್ಲ. ಭೌತಶಾಸ್ತ್ರ ವಿಕಿರಣ ಶಾಖ ಎನ್ನುವುದು ಇದನ್ನೇ.

ಪತ್ರಿಕೆಯಲ್ಲಿ ಬರುವ ಉಷ್ಣಾಂಶದಲ್ಲಿ ಈ ಝಳ ಸೇರಿರುವುದಿಲ್ಲ. ಹವಾಮಾನ ಇಲಾಖೆ ಅದನ್ನು ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ಕೂಲಿಯವರು ನಿಲ್ಲುವುದು ಪೆಟ್ಟಿಗೆಯ ಹೊರಗೆ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಯುವಕರು ಬಿಸಿಲಿಗೆ ಕುಸಿಯತೊಡಗಿದಾಗ ಯಾಗ್ಲೂ ಮತ್ತು ಮಿನಾರ್ಡ್ ಎಂಬ ಸಂಶೋಧಕರು ಮೂರು ಉಷ್ಣಮಾಪಕಗಳನ್ನು ಕೂಡಿಸಿ ಒಂದು ಲೆಕ್ಕ ಕಟ್ಟಿದರು. ಒದ್ದೆ ಬಟ್ಟೆ ಸುತ್ತಿದ ಮಾಪಕ ಬೆವರು ಎಷ್ಟರಮಟ್ಟಿಗೆ ಆರೀತು ಎಂದು ಹೇಳುತ್ತದೆ. ಬಯಲಿನ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ 70 ಪಾಲು. ಕಪ್ಪು ಬಳಿದ ತಾಮ್ರದ ಪೊಳ್ಳು ಗೋಳದೊಳಗಿನದು ಝಳವನ್ನು ಹಿಡಿಯುತ್ತದೆ, ಅದಕ್ಕೆ 20. ನೆರಳಿನ ಗಾಳಿಯ ಬಿಸಿಗೆ ಉಳಿದ 10. ಐಎಸ್‌ಒ 7243 ಮಾನದಂಡದ ಪ್ರಕಾರ, ಬಿಸಿಲಿಗೆ ಪಳಗಿದ ಮೈಗೂ ಅಗೆತದಂಥ ಭಾರಿ ದುಡಿಮೆಯಲ್ಲಿ ಈ ಲೆಕ್ಕದ 26 ಡಿಗ್ರಿಯೇ ಎಚ್ಚರಿಕೆಯ ಗೆರೆ. ಅದು ದಾಟಿದರೆ ಕೆಲಸ ತಗ್ಗಬೇಕು; ನೀರು, ನೆರಳು, ವಿರಾಮ ಹೆಚ್ಚಬೇಕು.

ಬೀದರ್ ಸೇರಿದ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯಿದೆ. ಫ್ಯಾನಿನಡಿ ಕೂತವರಿಗೆ ಸಿಕ್ಕ ಈ ವೇಳೆ ರಸ್ತೆಗೆ ಡಾಂಬರು ಹಾಕುವವರಿಗೂ ಇಟ್ಟಿಗೆ ಭಟ್ಟಿಯವರಿಗೂ ಇಲ್ಲ. ಅವರ ಗಡಿಯಾರ ಗುತ್ತಿಗೆದಾರರ ಕೈಯಲ್ಲಿದೆ. ‘ಝಳ ಬಡದದ’ ಎಂಬ ಮಾತನ್ನು ಮೇಸ್ತ್ರಿ ನೆಪವೆಂದು ತಳ್ಳಿಹಾಕಬಹುದು. ಕಪ್ಪು ಗೋಳ ತೋರಿಸಿದ ಅಂಕಿಯನ್ನು ಹಾಗೆ ತಳ್ಳುವುದು ಕಷ್ಟ. ಆ ಅಂಕಿಯೂ ದಿನದಿನ ಹಾಜರಿ ಪುಸ್ತಕಕ್ಕೆ ಏರಬೇಕು.